ಮೂರು ವರ್ಷದಿಂದ ಹೇರಳೆ ಮರ ಕಾಯಿ ಬಿಡ್ತಾ ಇಲ್ಲ, ಎಲೆ ನೋಡಿದ್ರೆ ಕಪ್ಪು ಹಸಿರು, ಎಂತ ಮಾಡದು?

ಹಿತ್ತಲಮನೆ, ತೀರ್ಥಹಳ್ಳಿ
ನವೆಂಬರ್ 12

ಎಲ್ರಿಗೂ ನಮಸ್ಕಾರ. ನಮ್ಮನೆ ಹಿತ್ತಲಲ್ಲಿ ಒಂದು ಹೇರಳೆ ಮರ ಇದೆ, ನಮ್ಮತ್ತೆ ನೆಟ್ಟಿದ್ದು, ಇಪ್ಪತ್ತು ವರ್ಷದ ಮೇಲಾಯ್ತು. ನಾನು ಮದುವೆಯಾಗಿ ಬಂದಾಗ ಅದು ನನ್ನ ಸೊಂಟದ ಎತ್ತರ ಇತ್ತು, ನನ್ನ ಕಣ್ಣೆದುರೇ ಬೆಳೆದ ಮರ. ವರ್ಷ ವರ್ಷ ದೀಪಾವಳಿ ಹೊತ್ತಿಗೆ ನೂರೈವತ್ತು ಇನ್ನೂರು ಕಾಯಿ ಸಿಗ್ತಿತ್ತು, ಮನೆಗೆ ಎರಡು ಜಾಡಿ ಉಪ್ಪಿನಕಾಯಿ, ಗೊಜ್ಜಿಗೆ ಬೇಕಾದಷ್ಟು, ಮತ್ತೆ ನಾದಿನಿಯರ ಮನೆಗೆ, ಅಕ್ಕಪಕ್ಕದವ್ರಿಗೆ, ಅಷ್ಟೆಲ್ಲ ಹಂಚಿದ್ರೂ ಮಿಕ್ತಿತ್ತು. ಮೂರು ವರ್ಷದ ಹಿಂದೆ ಒಂದ್ಸಲ ಹದಿನೈದಿಪ್ಪತ್ತು ಕಾಯಿ ಬಿಟ್ಟು ಸುಮ್ನಾಯ್ತು, ಮರುವರ್ಷ ಎರಡೇ ಎರಡು, ಈ ವರ್ಷ ಒಂದೂ ಇಲ್ಲ.

ಮರ ಸೊರಗಿದ್ರೆ ಆದ್ರೂ ಅರ್ಥ ಆಗ್ತಿತ್ತು. ಇದು ನೋಡಕ್ಕೆ ಎಷ್ಟು ಚೆಂದ ಇದೆ ಅಂದ್ರೆ ಎಲೆ ಎಲ್ಲ ಅಂಗೈಯಷ್ಟು ಅಗಲ, ಕಪ್ಪು ಹಸಿರು, ಮಾರುದ್ದ ಚಿಗುರು. ನೀರು ಗೊಬ್ಬರ ಯಾವ್ದಕ್ಕೂ ಕಡಿಮೆ ಮಾಡಿಲ್ಲ, ಕಾಯಿ ಬಿಡೋದು ನಿಂತ ಮೇಲೆ ಇನ್ನೂ ಜಾಸ್ತಿನೇ ನೋಡ್ಕೊಂಡಿದೀನಿ. ಪೇಟೆ ಅಂಗಡಿಯವ್ರು ಹೂ ಬರಕ್ಕೆ ಅಂತ ಒಂದು ಟಾನಿಕ್ ಕೊಟ್ರು, ಎರಡು ಸಲ ಹೊಡ್ದೆ, ಚಿಗುರು ಬಂತು ಹೂ ಬರ್ಲಿಲ್ಲ. ಅತ್ತೆಗೆ ಈಗ ಎಂಬತ್ತು ದಾಟಿದೆ, ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಮರನೇ ನೋಡ್ತಾರೆ, ಏನೂ ಹೇಳಲ್ಲ. ಯಾರಿಗಾದ್ರೂ ಹಿಂಗಾಗಿದ್ರೆ ದಯವಿಟ್ಟು ತಿಳಿಸಿ.


ಕೊಪ್ಪದ ತೋಟದವ
ನವೆಂಬರ್ 12

ಅಕ್ಕಾ ಮೊದ್ಲು ಒಂದು ವಿಷ್ಯ ಹೇಳಿ. ಹೂವೇ ಬರ್ತಿಲ್ವಾ, ಇಲ್ಲ ಹೂ ಬಂದು ಉದುರ್ತಾ ಇದ್ಯಾ, ಇಲ್ಲ ಗೋಲಿ ಗಾತ್ರದ ಮಿಡಿ ಆದ್ಮೇಲೆ ಉದುರ್ತಾ? ಮೂರೂ ಬೇರೆ ಬೇರೆ ಕಾಯಿಲೆ. ಹೂವೇ ಬರ್ದಿದ್ರೆ ನೀರು, ಗೊಬ್ಬರ, ಬಿಸಿಲು ಈ ಮೂರರಲ್ಲಿ ಏನೋ ಹೆಚ್ಚು ಕಮ್ಮಿ. ಬಂದ ಹೂ ಉದುರಿದ್ರೆ ಮಳೆನೋ ಪೋಷಕಾಂಶನೋ ನೋಡ್ಬೇಕು. ಮಿಡಿ ಉದುರಿದ್ರೆ ಕೆಲವು ಸಲ ಅದು ಸಹಜ, ಮರ ತನಗೆ ಹೊರಕ್ಕಾಗೋಷ್ಟು ಮಾತ್ರ ಇಟ್ಕೊಳ್ಳುತ್ತೆ.

ಮರದ ಬುಡದ ಫೋಟೋ ಒಂದು ಹಾಕಿ, ಸುತ್ತ ಯಾವ ಮರ ಇದೆ ಅದನ್ನೂ ಹೇಳಿ. ಮೇಲೆ ಬಂದಳಿಕೆ ಏನಾದ್ರೂ ಹತ್ತಿದ್ಯಾ ನೋಡಿ, ನಮ್ಮ ಕಡೆ ಮಾವಿಗೆ ಹತ್ತಿದ್ದು ಹಕ್ಕಿ ಹಿಕ್ಕೆಯಿಂದ ಹುಳಿ ಗಿಡಕ್ಕೂ ಬರುತ್ತೆ, ದೂರದಿಂದ ನೋಡಿದ್ರೆ ಮರದ್ದೇ ಎಲೆ ಅನ್ನಿಸುತ್ತೆ.


ಕಸಿ ಗಿಡ, ಶಿವಮೊಗ್ಗ
ನವೆಂಬರ್ 13

ನಂದು ನರ್ಸರಿ ಕೆಲ್ಸ. "ಎಲೆ ಚೆನ್ನಾಗಿದೆ, ಮಾರುದ್ದ ಚಿಗುರು" ಅಂತ ಓದಿದ ತಕ್ಷಣ ನಂಗೆ ಅನ್ಸಿದ್ದು ಬೇರು ಗಿಡ ಮೇಲೆದ್ದಿದೆ ಅಂತ. ಕಸಿ ಮಾಡಿದ ನಿಂಬೆ ಜಾತಿ ಗಿಡಗಳಿಗೆ ಕೆಳಗೆ ಹೆಚ್ಚಾಗಿ ರಂಗಪುರ ನಿಂಬೆನೋ ಒರಟು ನಿಂಬೆನೋ ಇರುತ್ತೆ, ಅದು ಗಟ್ಟಿ ಜಾತಿ. ಕಸಿ ಗಂಟಿನ ಕೆಳಗಿಂದ ಒಂದು ಚಿಗುರು ಬಂದು ನಾವು ನೋಡ್ದೆ ಬಿಟ್ರೆ ನಾಲ್ಕೈದು ವರ್ಷದಲ್ಲಿ ಅದೇ ಮರ ಆಗ್ಬಿಡುತ್ತೆ, ಮೇಲಿನ ಒಳ್ಳೆ ಜಾತಿ ಒಣಗಿ ಹೋಗುತ್ತೆ. ರಂಗಪುರದ್ದು ಕಾಯಿ ಬಿಟ್ರೂ ಸಣ್ಣದು, ಹಣ್ಣಾದಾಗ ಕಿತ್ತಳೆ ಬಣ್ಣ, ಹುಳಿ ಹುಳಿ. ಬುಡದಲ್ಲಿ ಕಾಂಡ ಎರಡಾಗಿದ್ಯಾ, ಒಂದು ಕಡೆ ಎಲೆ ಇನ್ನೊಂದು ಕಡೆ ಎಲೆಗಿಂತ ಸಣ್ಣದಿದ್ಯಾ ಅಂತ ನೋಡಿ. ಇದ್ರೆ ಕೆಳಗಿನ ಚಿಗುರನ್ನ ಕತ್ತರಿಸೋದಕ್ಕಿಂತ ಬುಡಸಮೇತ ಸಿಗಿದು ಕೀಳಬೇಕು.


ಹಿತ್ತಲಮನೆ, ತೀರ್ಥಹಳ್ಳಿ
ನವೆಂಬರ್ 13

ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ಇಬ್ರಿಗೂ ತುಂಬ ಥ್ಯಾಂಕ್ಸ್. ಅತ್ತೆ ಹತ್ರ ಕೂತು ಕೇಳ್ದೆ. ಇದು ಕಸಿ ಗಿಡ ಅಲ್ವಂತೆ, ಅವ್ರ ತವರು ಮನೆ ಮರದ ಟೊಂಗೆಗೆ ಗೂಟಿ ಕಟ್ಟಿ ಬೇರು ಬರಿಸಿ ತಂದಿದ್ದು, ತವರಿನ ಮರ ಈಗಿಲ್ಲ, ಹಂಗಾಗಿ ಆ ಜಾತಿ ಅಂತ ಉಳಿದಿರೋದು ಇದೊಂದೇ. ಅದು ಗೊತ್ತಾದ್ಮೇಲೆ ನಂಗೆ ಇನ್ನೂ ಸಂಕಟ ಆಗ್ತಾ ಇದೆ.

ಹೂ ಬಗ್ಗೆ. ಮೊದ್ಲೆಲ್ಲ ಫೆಬ್ರವರಿಲಿ ಮರ ತುಂಬ ಬಿಳಿ, ಬಾಗಿಲು ತೆಗೆದ್ರೆ ಒಳಗೆಲ್ಲ ಪರಿಮಳ, ತುಡುವೆ ಜೇನು ಗುಂಯ್ ಅಂತಿರ್ತಿತ್ತು. ಕಳೆದ ಫೆಬ್ರವರಿಲಿ ರಸ್ತೆ ಕಡೆಗಿನ ಒಂದೇ ಟೊಂಗೆಲಿ ಹತ್ತಿಪ್ಪತ್ತು ಹೂ, ಅವೂ ಉದುರಿದ್ವು. ಬಂದಳಿಕೆ ಹುಡುಕ್ದೆ, ಇಲ್ಲ. ಚಗಳಿ (ಎಲೆ ಹೆಣೆದು ಗೂಡು ಮಾಡೋ ಕೆಂಪಿರುವೆ) ಕೊಟ್ಟೆ ಮಾತ್ರ ಮೂರು ನಾಲ್ಕಿದೆ. ಪಡುವಣ ಕಡೆ ಹಲಸಿನ ಮರ ಇದೆ, ಅದರ ಟೊಂಗೆ ಈಗ ಹೇರಳೆ ನೆತ್ತಿ ಮೇಲೆ ಬಂದಿದೆ.

ನೀರು ಅಂದ್ರೆ, ನಾಲ್ಕು ವರ್ಷದ ಹಿಂದೆ ಬಚ್ಚಲು ಹೊಸದಾಗಿ ಕಟ್ಟಿದ್ವಿ, ಆವಾಗ ಬಚ್ಚಲ ನೀರು ಅಡಿಗೆಮನೆ ನೀರು ಎರಡನ್ನೂ ಪೈಪಲ್ಲಿ ಮರದ ಬುಡಕ್ಕೆ ಬಿಟ್ವಿ, ಬೇಸಿಗೆಲಿ ಪಾಪ ಒಣಗ್ಬಾರ್ದು ಅಂತ. ಅದಕ್ಕೇ ಅಂತ ಬುಡದ ಸುತ್ತ ಮಣ್ಣು ಏರಿಸಿ ಕಟ್ಟೆ ಮಾಡಿದೀವಿ. ಗೋಬರ್ ಗ್ಯಾಸಿನ ಸ್ಲರಿ ವಾರಕ್ಕೆ ಎರಡು ಬಕೆಟ್ ಹಾಕ್ತೀನಿ. ಇದ್ರಲ್ಲೇನಾದ್ರೂ ತಪ್ಪಿದ್ಯಾ?


ರಿಪ್ಪನ್‌ಪೇಟೆ ರಿಟೈರ್ಡ್
ನವೆಂಬರ್ 14

ತಂಗಿ, ಬಚ್ಚಲು ಕಟ್ಟಿದ್ದು ನಾಲ್ಕು ವರ್ಷ, ಕಾಯಿ ಕಮ್ಮಿಯಾಗಿದ್ದು ಮೂರು ವರ್ಷ. ಅಲ್ಲೇ ಇದೆ ಉತ್ತರ. ನೀನು ಪ್ರೀತಿಯಿಂದ ಮಾಡಿದ್ದೀಯ, ಬೇಜಾರು ಮಾಡ್ಕೊಳ್ಳೋದು ಬೇಡ, ಆದ್ರೆ ಈ ಮರ ಹಸಿದಿಲ್ಲ. ಇದಕ್ಕೆ ತಿಂದು ತಿಂದು ಹೂ ಬಿಡೋ ಯೋಚನೆನೇ ಇಲ್ಲ.

ನಾನು ತೋಟಗಾರಿಕೆ ಇಲಾಖೆಲಿ ಕೆಲ್ಸ ಮಾಡಿದವ, ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದು. ನಿಂಬೆ ಜಾತಿ ಮರಗಳಿಗೆ ಹೂ ಬರ್ಬೇಕಾದ್ರೆ ಒಂದು ವಿಶ್ರಾಂತಿ ಬೇಕು. ಚಳಿ ದೇಶದಲ್ಲಿ ಚಳಿನೇ ಆ ಕೆಲ್ಸ ಮಾಡುತ್ತೆ, ನಮ್ಮಲ್ಲಿ ಅದನ್ನ ಮಾಡೋದು ಮುಖ್ಯವಾಗಿ ಒಣಗು. ಬುಡ ಒಣಗಿದಾಗ ಚಿಗುರು ನಿಲ್ಲುತ್ತೆ, ಹೋದ ವರ್ಷದ ಕಡ್ಡಿ ಬಲಿಯುತ್ತೆ, ಅದ್ರಲ್ಲಿ ಸಕ್ಕರೆ ಅಂಶ ಸೇರುತ್ತೆ, ಆಮೇಲೆ ಒಂದು ಮಳೆನೋ ನೀರೋ ಸಿಕ್ಕಿದ ತಕ್ಷಣ ಆ ಬಲಿತ ಕಡ್ಡಿಯಿಂದ ಚಿಗುರಿನ ಜೊತೆ ಹೂ ಒಡೆಯುತ್ತೆ. ಬಯಲುಸೀಮೆಲಿ, ಮಹಾರಾಷ್ಟ್ರದಲ್ಲಿ ರೈತ್ರು ಬೇಕಂತಲೇ ನೀರು ನಿಲ್ಸಿ ಹೂ ಬರಿಸ್ತಾರೆ, ಅದಕ್ಕೆ ಬಹಾರ್ ಅಂತ ಹೆಸ್ರು. ಮಾವು ಹೂ ಬಿಡೋ ಕಾಲಕ್ಕೆ ಬರೋದು ಅಂಬೆ ಬಹಾರ್, ಮೃಗಶಿರಾ ಮಳೆಗೆ ಬರೋದು ಮೃಗ ಬಹಾರ್, ಹಸ್ತ ಮಳೆಗೆ ಬರೋದು ಹಸ್ತ ಬಹಾರ್. ನಮ್ಮ ಮಲೆನಾಡಲ್ಲಿ ಮಳೆಗಾಲ ಪೂರ್ತಿ ಬುಡ ಒದ್ದೆನೇ, ಹಂಗಾಗಿ ಮಳೆ ಮುಗಿದ್ಮೇಲೆ ಡಿಸೆಂಬರ್ ಜನವರಿಲಿ ಬೀಳೋ ಒಣಗು ಒಂದೇ ನಮಗೆ ಸಿಗೋದು. ನಿಮ್ಮತ್ತೆ ಕಾಲದಲ್ಲಿ ಮರಕ್ಕೆ ಯಾರೂ ನೀರು ಹಾಕ್ತಿರ್ಲಿಲ್ಲ, ಫೆಬ್ರವರಿಲಿ ತಾನಾಗೇ ಹೂ ಬರ್ತಿತ್ತು. ನೀನು ಆ ಎರಡು ತಿಂಗ್ಳೂ ಬಚ್ಚಲ ನೀರು ಕುಡಿಸ್ತಾ ಇದ್ದೀಯ.

ಅದ್ರ ಮೇಲೆ ಸ್ಲರಿ. ಸ್ಲರಿ ಒಳ್ಳೇದೇ, ಅದ್ರಲ್ಲಿರೋ ಸಾರಜನಕದ ಸುಮಾರು ಭಾಗ ಗಿಡಕ್ಕೆ ಬೇಗ ಸಿಗೋ ರೂಪದಲ್ಲೇ ಇರುತ್ತೆ, ಆದ್ರೆ ವಾರಕ್ಕೆ ಎರಡು ಬಕೆಟ್ ಅಂದ್ರೆ ಎಲೆ ಚಿಗುರು ಬಿಟ್ಟು ಬೇರೇನೂ ಬರಲ್ಲ. ಪೊಟ್ಯಾಷ್ ಬೇಕಾದ್ರೆ ಬಚ್ಚಲ ಒಲೆ ಬೂದಿ ಇದೆಯಲ್ಲ, ಅದೇ ಸಾಕು. ನಮ್ಮ ಜಂಬು ಮಣ್ಣು ಮಳೆಗೆ ಸಾರ ಎಲ್ಲ ಬಸಿದು ಹುಳಿಯಾಗಿರುತ್ತೆ, ಬೂದಿ ಆ ಹುಳಿನೂ ಸ್ವಲ್ಪ ಮುರಿಯುತ್ತೆ.

ಈಗ ಮಾಡ್ಬೇಕಾಗಿದ್ದು. ಪೈಪನ್ನ ಇವತ್ತೇ ಬಾಳೆ ಬುಡಕ್ಕೆ ತಿರುಗ್ಸು. ಸ್ಲರಿ ಫೆಬ್ರವರಿವರೆಗೆ ಬೇಡ್ವೇ ಬೇಡ, ದರಕು (ಒಣಗಿದೆಲೆ) ಮುಚ್ಚಿದ್ರೆ ಅದನ್ನೂ ಸರಿಸು. ಡಿಸೆಂಬರ್ ಮಧ್ಯದಿಂದ ಒಂದು ತಿಂಗ್ಳಿಂದ ಒಂದೂವರೆ ತಿಂಗ್ಳು ಮರ ಬಾಯಾರ್ಲಿ. ಮಧ್ಯಾಹ್ನ ಎಲೆ ಸ್ವಲ್ಪ ಮುದುಡಿ ಬೆಳಿಗ್ಗೆ ಮತ್ತೆ ಸರಿಯಾದ್ರೆ ಹದ ಬಂತು ಅಂತ. ಬೆಳಿಗ್ಗೆನೂ ಮುದುಡೇ ಇದ್ರೆ ಅತಿಯಾಯ್ತು, ತಕ್ಷಣ ನೀರು ಕೊಡು. ಹದ ಬಂದ್ಮೇಲೆ ಮೊದಲನೇ ನೀರು ತೆಳುವಾಗಿ, ಒಂದು ವಾರ ಬಿಟ್ಟು ಎರಡನೇದು ಪೂರ್ತಿ. ಒಂದೇ ಸಲ ಕೆರೆ ಮಾಡಿದ್ರೆ ಮತ್ತೆ ಚಿಗುರೇ ಬರೋದು. ಕಳಿತ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಒಂದು ಕೆಜಿ, ಬೂದಿ, ಇಷ್ಟನ್ನ ಆಗ ಹಾಕು, ಕಾಂಡದ ಹತ್ರ ಅಲ್ಲ, ಟೊಂಗೆ ತುದಿ ನೆರಳು ಎಲ್ಲಿ ಬೀಳುತ್ತೋ ಅಲ್ಲಿ, ತಿನ್ನೋ ಬೇರು ಇರೋದು ಅಲ್ಲಿ, ಅದೂ ಮೇಲಿನ ಒಂದೆರಡು ಅಡಿಲಿ. ಮಿಡಿ ನಿಂತ್ಮೇಲೆ ಮಾತ್ರ ಬುಡ ಒಣಗಕ್ಕೆ ಬಿಡ್ಬೇಡ, ಆಗ ಒಣಗಿದ್ರೆ ಎಲ್ಲ ಉದುರುತ್ತೆ.

ಒಂದು ಎಚ್ಚರಿಕೆ, ಮರಕ್ಕೆ ರೋಗ ಇದ್ರೆ ಈ ಒಣಗಿಸೋ ಕೆಲ್ಸ ಮಾಡ್ಬಾರ್ದು. ಮೊದ್ಲು ಬುಡ ಬಿಡಿಸಿ ನೋಡು.


ಸಾಗರದ ಕಂಚಿ ಗಿಡ
ನವೆಂಬರ್ 14

ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ಸತ್ಯ, ಆದ್ರೆ ನಂಗೆ ಓದಿ ಹೆದ್ರಿಕೆಯಾಗಿದ್ದು ಆ ಮಣ್ಣಿನ ಕಟ್ಟೆ ಮಾತು. ನಮ್ಮನೆ ಕಂಚಿ ಮರನ ನಾವು ಕಳ್ಕೊಂಡಿದ್ದೇ ಹಿಂಗೆ. ನೀರು ನಿಲ್ಲಲಿ ಅಂತ ಕಾಂಡಕ್ಕೆ ತಾಗ್ಸಿ ಮಣ್ಣು ಏರಿಸಿದ್ವಿ, ಎರಡು ಮಳೆಗಾಲ ಕಳೆದಿತ್ತು, ಮರದ ಮೈಯಿಂದ ಅಂಟು ಸುರಿಯಕ್ಕೆ ಶುರುವಾಯ್ತು, ಜೇನುತುಪ್ಪದ ಬಣ್ಣದ ಅಂಟು. ಅದು ಫೈಟಾಫ್ತೋರಾ, ಅಡಿಕೆಗೆ ಕೊಳೆ ರೋಗ ತರೋ ರೋಗಾಣುವಿನ ಜಾತಿದೇ. ಮಣ್ಣು ಕಾಂಡಕ್ಕೆ ತಾಗಿ ಸದಾ ಒದ್ದೆ ಇದ್ರೆ ತೊಗಟೆ ಒಳಗಿಂದ ಕೊಳೆಯುತ್ತೆ, ಸುತ್ತ ಕೊಳೆತ್ರೆ ಮುಗೀತು. ನಾವು ನೋಡೋ ಹೊತ್ತಿಗೆ ಮುಕ್ಕಾಲು ಸುತ್ತು ಹೋಗಿತ್ತು.

ಅಕ್ಕಾ ನೀವು ನಾಳೆನೇ ಆ ಮಣ್ಣು ತೆಗೀರಿ. ಬೇರು ಕಾಂಡ ಕೂಡೋ ಜಾಗ ಗಾಳಿಗೆ ಕಾಣ್ಬೇಕು. ಅಂಟು ಕಂಡ್ರೆ ಆ ಜಾಗದ ಸತ್ತ ತೊಗಟೆ ಚೂರಿಲಿ ಹೆರೆದು ಬಿಳಿ ಜೀವ ತೊಗಟೆ ಸಿಗೋವರೆಗೆ ಬಿಡಿಸಿ ಬೋರ್ಡೋ ಪೇಸ್ಟ್ ಬಳೀರಿ. ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, ನೂರು ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗ್ಸಿ ಆಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಚೂರಿ ಅದ್ದಿ ನೋಡಿ, ಅಲಗಿಗೆ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಅಂತ. ಕೊಳೆ ಔಷಧಿ ಮಾಡೋ ಮನೆಯವ್ರಿಗೆ ನಾನು ಹೇಳಿಕೊಡೋದೇನಿದೆ, ಆದ್ರೂ ಬರ್ದೆ, ಆ ಮರ ಉಳೀಲಿ ಅಂತ.

ಇನ್ನೊಂದು, ಈಗ್ಲೇ ಎರಡು ಟೊಂಗೆಗೆ ಗೂಟಿ ಕಟ್ಟೋ ಯೋಚನೆ ಮಾಡಿ. ಮಳೆಗಾಲದ ಶುರುವಿಗೆ ಕಟ್ಟಿದ್ರೆ ಬೇರು ಚೆನ್ನಾಗಿ ಬರುತ್ತೆ. ಒಂದೇ ಮರ ನಂಬ್ಕೊಂಡಿರ್ಬೇಡಿ.


ಭದ್ರಾವತಿ ಬಾಯ್ಸ್
ನವೆಂಬರ್ 15

ನಮ್ಮಜ್ಜಿ ಕಾಯಿ ಬಿಡದ ಮರಕ್ಕೆ ಕೊಡಲಿ ತೋರಿಸಿ "ಈ ವರ್ಷ ಬಿಡದಿದ್ರೆ ಕಡೀತೀನಿ" ಅಂತ ಹೆದ್ರಿಸಿ ಬುಡಕ್ಕೆ ಎರಡೇಟು ಹಾಕ್ತಿದ್ರು, ಮುಂದಿನ ವರ್ಷ ಬಿಡ್ತಿತ್ತು. ಮೊಳೆ ಹೊಡೆದ್ರೂ ಆಗುತ್ತೆ ಅಂತಾರೆ.


ರಿಪ್ಪನ್‌ಪೇಟೆ ರಿಟೈರ್ಡ್
ನವೆಂಬರ್ 15

ತಮ್ಮಾ, ಅಜ್ಜಿ ಮಾಡಿದ್ದರಲ್ಲಿ ಕಾರಣ ಇದೆ. ಎಲೆಲಿ ತಯಾರಾದ ಸಕ್ಕರೆ ತೊಗಟೆ ಮೂಲಕ ಬೇರಿಗೆ ಇಳಿಯುತ್ತೆ, ಕೊಡಲಿ ಏಟಿಗೆ ತೊಗಟೆ ಕಡಿದ್ರೆ ಅದು ಇಳಿಯದೆ ಮೇಲೇ ಉಳಿದು ಹೂವಾಗುತ್ತೆ. ಮಾವಿನಂಥ ದೊಡ್ಡ ಮರ ತಡ್ಕೊಳ್ಳುತ್ತೆ. ಹೇರಳೆ ತೊಗಟೆ ಮೃದು, ಅದೂ ನಮ್ಮ ಮಳೆಲಿ ಆ ಗಾಯನೇ ಕೊಳೆಗೆ ಬಾಗಿಲು. ಈ ಮರಕ್ಕೆ ದಯವಿಟ್ಟು ಬೇಡ. ಮೊಳೆಯಿಂದಂತೂ ಗಾಯ ಬಿಟ್ರೆ ಬೇರೇನೂ ಸಿಗಲ್ಲ.

ಚಗಳಿ ಬಗ್ಗೆ ಮರೆತಿದ್ದೆ. ಎಲೆ ತಿನ್ನೋ ಹುಳನ ಅವು ಹಿಡೀತವೆ, ಹಂಗಾಗಿ ಶತ್ರು ಅಂತ ತಿಳೀಬೇಡ. ಆದ್ರೆ ಹಿಟ್ಟು ತಿಗಣೆ, ಶಲ್ಕ ಕೀಟ ಇವನ್ನ ಸಿಹಿ ಅಂಟಿಗೋಸ್ಕರ ಸಾಕ್ತವೆ. ಕೊಟ್ಟೆ ಹತ್ರದ ಎಲೆ ಮೇಲೆ ಮಸಿ ಬಳಿದಂಗೆ ಕಪ್ಪು ಇದ್ರೆ ಆ ಟೊಂಗೆದು ಮಾತ್ರ ತೆಗಿ.


ಕೊಪ್ಪದ ತೋಟದವ
ನವೆಂಬರ್ 15

ಹಲಸಿನ ಟೊಂಗೆನೂ ಮರೀಬೇಡಿ. ದಿನಕ್ಕೆ ಆರು ತಾಸು ಬಿಸಿಲಾದ್ರೂ ಬೇಕು, ನಿಮ್ಮ ಮರದಲ್ಲಿ ರಸ್ತೆ ಕಡೆ ಟೊಂಗೆಗೆ ಮಾತ್ರ ಹೂ ಬಂದಿದ್ದೇ ಸಾಕ್ಷಿ. ಹೇರಳೆ ಒಳಗಡೆ ನೆಟ್ಟಗೆ ಬಾಣದಂಗೆ ಹೋಗಿರೋ ಮುಳ್ಳಿನ ಚಿಗುರು ಇರ್ತವಲ್ಲ, ಅವನ್ನ ಬುಡಕ್ಕೆ ತೆಗೀರಿ, ಅದ್ರಲ್ಲಿ ಹೂ ಬರಲ್ಲ. ಆದ್ರೆ ಹೊರಗಿನ ಸಣ್ಣ ಸಣ್ಣ ಬಲಿತ ಕಡ್ಡಿ ಮುಟ್ಬೇಡಿ, ಜನವರಿಲಿ ಚೆಂದ ಮಾಡಕ್ಕೆ ಅಂತ ಸುತ್ತ ಕತ್ತರಿಸಿ ಆ ವರ್ಷದ ಹೂವನ್ನೆಲ್ಲ ಕತ್ತರಿಸಿ ಹಾಕಿದವ್ರನ್ನ ನೋಡಿದೀನಿ.


ಹಿತ್ತಲಮನೆ, ತೀರ್ಥಹಳ್ಳಿ
ನವೆಂಬರ್ 19

ಮಣ್ಣು ಬಿಡಿಸಿದ್ವಿ. ಮುಕ್ಕಾಲು ಅಡಿ ಏರಿಸಿದ್ವಿ ಕಾಣುತ್ತೆ. ಮೂಡಣ ಕಡೆ ಅಂಗೈ ಅಗಲ ತೊಗಟೆ ಮೆತ್ತಗಾಗಿತ್ತು, ಸ್ವಲ್ಪ ಅಂಟೂ ಇತ್ತು. ಸಾಗರದ ಅಕ್ಕ ಹೇಳ್ದೆ ಇದ್ರೆ ನಾವು ಇನ್ನೊಂದು ಮಳೆಗಾಲ ಹಂಗೇ ಬಿಟ್ಬಿಡ್ತಿದ್ವಿ, ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ನಮ್ಮನೆಯವ್ರು ಹೆರೆದು ಪೇಸ್ಟ್ ಬಳಿದ್ರು, ಉಳಿದಿದ್ದನ್ನ ಸುತ್ತ ಒಂದೂವರೆ ಅಡಿ ಎತ್ತರಕ್ಕೆ ಬಳಿದ್ವಿ. ಪೈಪು ಬಾಳೆಗೆ ಹೋಯ್ತು. ಹಲಸಿನ ಎರಡು ಟೊಂಗೆ ಇಳಿಸಿದ್ವಿ, ಇನ್ನೊಂದು ದೊಡ್ಡದು ಮನೆ ಹೆಂಚಿನ ಮೇಲೆ ಬೀಳೋ ಹಂಗಿದೆ, ಆಳು ಸಿಕ್ಕಿದ್ಮೇಲೆ.

ರೋಗ ಇದ್ರೆ ಒಣಗಿಸ್ಬಾರ್ದು ಅಂದ್ರಲ್ಲ, ಈಗ ಎಂತ ಮಾಡ್ಲಿ?


ರಿಪ್ಪನ್‌ಪೇಟೆ ರಿಟೈರ್ಡ್
ನವೆಂಬರ್ 19

ಅಂಗೈ ಅಗಲ ಅಂದ್ರೆ ಮರ ಗೆಲ್ಲುತ್ತೆ. ಕಾಂಡದ ಸುತ್ತ ಹೆಚ್ಚಿನ ಭಾಗ ಗಟ್ಟಿ ಇದೆ. ಪ್ರತ್ಯೇಕ ಒಣಗಿಸೋ ಕೆಲ್ಸ ಬೇಡ, ನೀರು ಹಾಕದೆ ಇದ್ರೆ ಸಾಕು, ಚಳಿಗಾಲದ ಸಹಜ ಒಣಗು ಬರುತ್ತೆ. ಎಲೆ ಮುದುಡೋವರೆಗೆ ಕಾಯ್ಬೇಡ, ಜನವರಿ ಕೊನೆಗೆ ತೆಳು ನೀರು ಕೊಡು.

ಹೊಸ ಚಿಗುರೆಲೆ ಬಂದಾಗ ನರ ಹಸಿರು, ನಡುವೆ ಹಳದಿ, ಎಲೆ ಸಣ್ಣ, ಹಿಂಗಿದ್ರೆ ಸತುವಿನ ಕೊರತೆ. ಲೀಟರ್ ನೀರಿಗೆ ಐದು ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸಿ ಎಲೆಗೆ ಹೊಡಿ. ಹಳೆ ಎಲೆಲಿ ತೊಟ್ಟಿನ ಹತ್ರ ತಲೆಕೆಳಗಾದ ವಿ ಆಕಾರ ಮಾತ್ರ ಹಸಿರು ಉಳಿದಿದ್ರೆ ಮೆಗ್ನೀಷಿಯಂ ಕೊರತೆ, ಡಾಲೊಮೈಟ್ ಹಾಕಿದ್ರೆ ಅದೂ ಮಣ್ಣಿನ ಹುಳಿನೂ ಎರಡೂ ಸರಿಯಾಗುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ರದ್ದು ಸಿಟ್ರಸ್ ಸ್ಪೆಷಲ್ ಅಂತ ಪುಡಿ ಇದೆ, ಸಿಕ್ರೆ ಅದೂ ಒಳ್ಳೇದು, ಪ್ಯಾಕೆಟ್ ಮೇಲಿನ ಅಳತೆ ಮೀರ್ಬೇಡ. ಶಿವಮೊಗ್ಗಕ್ಕೆ ಹೋದಾಗ ನವಿಲೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸು, ಅಂದಾಜಲ್ಲಿ ಸುರಿಯೋದು ತಪ್ಪುತ್ತೆ.


ಹಿತ್ತಲಮನೆ, ತೀರ್ಥಹಳ್ಳಿ
ಮಾರ್ಚ್ 3

ಹೂ ಬಂತು! ಮೊದಲಿನಷ್ಟಿಲ್ಲ, ಮೂಡಣ ಕಡೆ ಇಲ್ವೇ ಇಲ್ಲ, ಹಲಸು ಇಳಿಸಿದ ಪಡುವಣ ಕಡೆ ಮತ್ತೆ ರಸ್ತೆ ಕಡೆ ಗೊಂಚಲು ಗೊಂಚಲು. ಮೊನ್ನೆ ಬೆಳಿಗ್ಗೆ ಅತ್ತೆ ನನ್ನ ಕರೆದು "ವಾಸನೆ ಬರ್ತಿದೆ ಅಲ್ದಾ" ಅಂದ್ರು, ನಾನಿನ್ನೂ ನೋಡೇ ಇರ್ಲಿಲ್ಲ. ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಈಗ ವಾರಕ್ಕೆ ಎರಡ್ಸಲ ನೀರು ಕೊಡ್ತಿದೀನಿ, ಸರಿ ತಾನೆ?


ರಿಪ್ಪನ್‌ಪೇಟೆ ರಿಟೈರ್ಡ್
ಮಾರ್ಚ್ 3

ಸರಿ. ಕಾಂಡಕ್ಕೆ ತಾಗಿಸ್ಬೇಡ, ದೂರದಿಂದ ಕೊಡು. ಈಗ ದರಕು ಮುಚ್ಚಬಹುದು, ಅದೂ ಕಾಂಡದಿಂದ ಒಂದಡಿ ಬಿಟ್ಟು. ತುಂಬ ಖುಷಿಯಾಯ್ತು ತಂಗಿ.


ಹಿತ್ತಲಮನೆ, ತೀರ್ಥಹಳ್ಳಿ
ಅಕ್ಟೋಬರ್ 27

ತಡವಾಗಿ ಬರೀತಿದೀನಿ. ಆರಿದ್ರಾ ಪುನರ್ವಸು ಮಳೆಗೆ ಸುಮಾರು ಮಿಡಿ ಉದುರಿತ್ತು, ಆಗ ಅತ್ತು ಬಿಟ್ಟಿದ್ದೆ, ಕೊಪ್ಪದ ಅಣ್ಣ ಹೇಳಿದ್ದು ನೆನಪು ಮಾಡ್ಕೊಂಡು ಸುಮ್ನಿದ್ದೆ. ಈಗ ದೋಟಿ ಹಾಕಿ ಇಳಿಸಿದ್ವಿ, ನಲವತ್ತಮೂರು ಕಾಯಿ. ಹಳದಿ ತಿರುಗಿದ ನಾಲ್ಕೈದರಲ್ಲಿ ಸೂಜಿ ಚುಚ್ಚಿದಂಗೆ ತೂತು, ಸುತ್ತ ಕೊಳೆತಿತ್ತು.

ಮಳೆಗಾಲದ ಶುರುವಿಗೆ ಕಟ್ಟಿದ ಗೂಟಿ ಎರಡರಲ್ಲಿ ಒಂದು ಬೇರು ಬಿಟ್ಟಿದೆ, ಕತ್ತರಿಸಿ ಕವರಿಗೆ ಹಾಕಿ ನೆರಳಲ್ಲಿಟ್ಟಿದೀನಿ.


ಕಸಿ ಗಿಡ, ಶಿವಮೊಗ್ಗ
ಅಕ್ಟೋಬರ್ 27

ಅಕ್ಕಾ ಆ ತೂತು ರಸ ಹೀರೋ ಪತಂಗದ್ದು, ರಾತ್ರಿ ಕಾಡಿಂದ ಬರುತ್ತೆ, ಹಣ್ಣಾಗೋ ಕಾಯಿಗೇ ಬರೋದು. ಉಪ್ಪಿನಕಾಯಿಗೆ ಬೇಕಾಗಿದ್ದನ್ನ ಹಸಿರಿರೋವಾಗ್ಲೇ ಇಳಿಸಿ, ಹಣ್ಣಿಗೆ ಬಿಡೋದಾದ್ರೆ ಬಟ್ಟೆ ಚೀಲ ಕಟ್ಟಿ, ಉದುರಿದ್ದನ್ನ ಬುಡದಲ್ಲಿ ಬಿಡ್ಬೇಡಿ. ಗೂಟಿ ಗಿಡನ ಮುಂದಿನ ಮಳೆಗಾಲದವರೆಗೆ ನೆಲಕ್ಕೆ ಇಳಿಸ್ಬೇಡಿ, ಬೇರು ಇನ್ನೂ ಎಳೆದು.


ಹಿತ್ತಲಮನೆ, ತೀರ್ಥಹಳ್ಳಿ
ಅಕ್ಟೋಬರ್ 28

ಆಯ್ತು, ಹಂಗೇ ಮಾಡ್ತೀನಿ. ಸಾಗರದ ಅಕ್ಕಾ, ಮುಂದಿನ ಮಳೆಗಾಲಕ್ಕೆ ಇನ್ನೆರಡು ಗೂಟಿ ಕಟ್ತೀನಿ, ಒಂದು ನಿಮಗೆ, ನಿಮ್ಮ ಕಂಚಿ ಇದ್ದ ಜಾಗದಲ್ಲಿ ನೆಡೋದಾದ್ರೆ ಹಳೆ ಮಣ್ಣು ತೆಗೆದು ಬೇರೆ ಮಣ್ಣು ತುಂಬಿಸಿ ನೆಡಿ. ಅತ್ತೆ ಮೂವತ್ತು ಕಾಯಿ ಹೆಚ್ಚಿ ಉಪ್ಪಲ್ಲಿ ಹಾಕಿದಾರೆ, ಉಳಿದಿದ್ದು ನಾದಿನಿ ಮನೆಗೆ ನಾಳೆ ಬಸ್ಸಲ್ಲಿ ಹೋಗುತ್ತೆ.